ಲೋಮನಾಳಗಳ ಪರೀಕ್ಷೆ ಮತ್ತು ಬೆಹ್ಚೆಟ್ ರೋಗ

ಬಾಯಿಯಲ್ಲಿ ಹುಣ್ಣಾದರೆ ಅದನ್ನು ಉಷ್ಣವೆಂದು ಬಗೆದು, ಮಜ್ಜಿಗೆ ಕುಡಿದು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಬಹುಪಾಲು ಹುಣ್ಣುಗಳು ತಾವಾಗಿಯೇ ಮಾಯುತ್ತವೆ. ಆದರೆ ಹುಣ್ಣು ಪದೇ ಪದೇ ಮರುಕಳಿಸಿ, ಜನನಾಂಗದಲ್ಲಿಯೂ ಕಾಣಿಸಿಕೊಂಡು, ಕಣ್ಣು ಕೆಂಪಾಗಿ ದೃಷ್ಟಿ ಮಸುಕಾದಲ್ಲಿ ಅದು ರಕ್ತನಾಳಗಳ ಉರಿಯೂತದ ಲಕ್ಷಣವಾಗಿರಬಹುದು. ಇದಕ್ಕೆ ಬೆಹ್ಚೆಟ್ ರೋಗವೆಂದು ಹೆಸರು. ನಮ್ಮ ದೇಶದಲ್ಲಿ ಇದು ವಿರಳವಾದರೂ ದೃಷ್ಟಿಯನ್ನೇ ಕಸಿಯಬಲ್ಲದಾದ ಕಾರಣ, ಇದರ ಪರಿಚಯ ಎಲ್ಲರಿಗೂ ಇರಲೆಂದು ಈ ವಿಷಯವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಬಾಯಿ, ಜನನಾಂಗ ಹಾಗೂ ಕಣ್ಣುಗಳ ಈ ತೊಂದರೆಗಳು ಒಂದೇ ರೋಗದ ಮೂರು ಮುಖಗಳೆಂದು 1937ರಲ್ಲಿ ಪ್ರತಿಪಾದಿಸಿದವರು ಇಸ್ತಾಂಬುಲ್ ನಗರದ ಚರ್ಮವೈದ್ಯ ಹುಲುಸಿ ಬೆಹ್ಚೆಟ್. ಟರ್ಕಿ, ಇರಾನ್, ಜಪಾನ್ ಮೊದಲಾಗಿ ಪ್ರಾಚೀನ ರೇಷ್ಮೆ ಮಾರ್ಗದ ನಾಡುಗಳಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನೊಳಗೆ ಆರಂಭವಾಗುತ್ತದೆ. ಇದು ಸೋಂಕು ರೋಗವಲ್ಲ. ಒಬ್ಬರಿಂದ ಮತ್ತೊಬ್ಬರಿಗೆ ಹರಡುವುದಿಲ್ಲ. ಆದುದರಿಂದ ರೋಗಿಯು ನಾಚುವುದಾಗಲೀ ಮನೆಯವರು ಶಂಕಿಸುವುದಾಗಲೀ ಸಲ್ಲದು.

ಈ ರೋಗವನ್ನು ಯಾವುದೇ ಒಂದು ರಕ್ತಪರೀಕ್ಷೆಯಿಂದ ಖಚಿತಪಡಿಸಲಾಗದು. ಲಕ್ಷಣಗಳನ್ನು ಒಟ್ಟಾಗಿ ಪರಿಶೀಲಿಸಿಯೇ ವೈದ್ಯರು ನಿರ್ಣಯಕ್ಕೆ ಬರುತ್ತಾರೆ. ಕೂದಲಿಗಿಂತಲೂ ಸೂಕ್ಷ್ಮವಾದ ಲೋಮನಾಳಗಳ ಪರೀಕ್ಷೆಯು ಈ ಕಾರ್ಯದಲ್ಲಿ ನೆರವಾಗುತ್ತದೆ. ಅವುಗಳನ್ನು ಕೊಯ್ಯದೆಯೇ ನೋಡಬಲ್ಲ ಎರಡು ಸ್ಥಳಗಳು ನಮ್ಮ ಶರೀರದಲ್ಲಿವೆ.

ಮೊದಲನೆಯದು ಉಗುರಿನ ಬುಡ. ಬೇರೆಡೆ ಲೋಮನಾಳಗಳು ಚರ್ಮದತ್ತ ನೆಟ್ಟಗೆ ನಿಂತಿರುವುದರಿಂದ ಅವುಗಳ ತುದಿ ಮಾತ್ರ ಗೋಚರಿಸುತ್ತದೆ. ಉಗುರಿನ ಬುಡದಲ್ಲಿಯಾದರೋ ಅವು ಚರ್ಮಕ್ಕೆ ಸಮಾಂತರವಾಗಿ ಮಲಗಿರುತ್ತವೆ. ಅಲ್ಲಿ ಒಂದು ಹನಿ ಎಣ್ಣೆಯಿಟ್ಟು ಸೂಕ್ಷ್ಮದರ್ಶಕದಿಂದ ನೋಡಿದರೆ, ಹೇರ್‌ಪಿನ್ನುಗಳನ್ನು ಸಾಲಾಗಿ ಜೋಡಿಸಿದಂತೆ ಅವು ಕಾಣುತ್ತವೆ. ಬೆಹ್ಚೆಟ್ ರೋಗಿಗಳಲ್ಲಿ ಕೆಲವರಿಗೆ ಈ ನಾಳಗಳು ಹಿಗ್ಗಿರುವುದೂ ಅಲ್ಲಲ್ಲಿ ಸಣ್ಣ ರಕ್ತಸ್ರಾವದ ಕಲೆಗಳಿರುವುದೂ ಕಂಡುಬರುತ್ತದೆ. ಇಂತಹ ಬದಲಾವಣೆಗಳು ಇತರ ರೋಗಗಳಲ್ಲಿಯೂ ಉಂಟಾಗುವುದರಿಂದ ಇದು ಪೂರಕ ಸಾಕ್ಷ್ಯವೇ ಹೊರತು ಅಂತಿಮ ತೀರ್ಪಲ್ಲ.

ಎರಡನೆಯದು ಕಣ್ಣಿನ ಅಕ್ಷಿಪಟ. ತೋಳಿನ ರಕ್ತನಾಳಕ್ಕೆ ಫ್ಲೋರೆಸಿನ್ ಎಂಬ ಹಳದಿ ಬಣ್ಣದ ದ್ರವವನ್ನು ಚುಚ್ಚಿ, ಅದು ಕಣ್ಣಿನೊಳಗೆ ಹರಿಯುವುದನ್ನು ಒಂದರ ಹಿಂದೊಂದರಂತೆ ಚಿತ್ರ ತೆಗೆಯುತ್ತಾರೆ. ಆರೋಗ್ಯವಂತ ನಾಳದಲ್ಲಿ ಬಣ್ಣವು ಒಳಗೇ ಉಳಿಯುತ್ತದೆ. ಉರಿಯೂತಕ್ಕೊಳಗಾದ ನಾಳದಿಂದ ಅದು ಹೊರಗೆ ಸೋರುತ್ತದೆ. ರೋಗಿಗೆ ದೃಷ್ಟಿಯಲ್ಲಿ ಯಾವ ಕೊರತೆಯೂ ತೋರದಿರುವಾಗಲೇ ಈ ಸೋರಿಕೆ ಗೋಚರಿಸಬಹುದು. ಪರೀಕ್ಷೆಯ ಬಳಿಕ ಕೆಲಕಾಲ ಚರ್ಮವೂ ಮೂತ್ರವೂ ಹಳದಿಯಾಗುವುದು ಸಹಜ, ಅದಕ್ಕೆ ಅಂಜಬೇಕಿಲ್ಲ.

ಈ ರೋಗವು ಉಲ್ಬಣಿಸುತ್ತ, ಶಮನವಾಗುತ್ತ ಸಾಗುತ್ತದೆ. ಕಣ್ಣಿನ ಉರಿಯೂತ ಮರಳಿದಾಗಲೆಲ್ಲ ಅಕ್ಷಿಪಟಕ್ಕೆ ಒಂದಿಷ್ಟು ಹಾನಿಯಾಗಬಹುದು; ಕಳೆದುಹೋದ ದೃಷ್ಟಿ ಅನೇಕ ವೇಳೆ ಹಿಂದಿರುಗದು. ಸ್ಟಿರಾಯ್ಡ್, ಅಜಥಿಯೋಪ್ರಿನ್, ಅಡಾಲಿಮುಮ್ಯಾಬ್ ಮುಂತಾದ ಔಷಧಗಳಿಂದ ಉರಿಯೂತವನ್ನು ಹತೋಟಿಯಲ್ಲಿಡಲು ಸಾಧ್ಯವಿದೆ. ನೋವು ಕಡಿಮೆಯಾಯಿತೆಂದು ಔಷಧವನ್ನು ತಾವಾಗಿಯೇ ನಿಲ್ಲಿಸುವುದೂ, ಕಣ್ಣು ಚೆನ್ನಾಗಿ ಕಾಣುತ್ತಿದೆಯೆಂದು ತಪಾಸಣೆಯನ್ನು ಮುಂದೂಡುವುದೂ ಅಪಾಯಕರ. ಹುಣ್ಣು ಮರುಕಳಿಸುತ್ತಿದ್ದು ಕಣ್ಣು ಕೆಂಪಾದವರು ಸಂಕೋಚವನ್ನು ಬದಿಗಿರಿಸಿ, ತಡಮಾಡದೆ ನೇತ್ರತಜ್ಞರನ್ನು ಕಂಡು ಎರಡೂ ಸಂಗತಿಗಳನ್ನು ತಿಳಿಸಬೇಕೆಂದು ಸಮಸ್ತರಲ್ಲಿ ವಿನಂತಿಸುತ್ತೇವೆ.