ತರಗತಿ ನಿರ್ವಹಣೆ ಮತ್ತು ಕಲಿಕೆ

ತರಗತಿ ನಿರ್ವಹಣೆ ಎಂದರೆ ಮಕ್ಕಳನ್ನು ಗದರಿಸಿ ಸುಮ್ಮನಾಗಿಸುವುದಲ್ಲ; ಸಮಯ, ಆಸನ ವ್ಯವಸ್ಥೆ, ನಿಯಮ ಹಾಗೂ ಪರಸ್ಪರ ಗೌರವವನ್ನು ಕಲಿಕೆಗೆ ಅನುವಾಗುವಂತೆ ಹೊಂದಿಸುವುದು.

ಪ್ರೌಢಶಾಲೆಯ 40 ನಿಮಿಷಗಳ ಅವಧಿಯಲ್ಲಿ 5 ನಿಮಿಷ ಗದ್ದಲಕ್ಕೆ ಹೋದರೂ ಪಾಠದ ಎಂಟನೇ ಒಂದು ಭಾಗ ಕೈತಪ್ಪುತ್ತದೆ.

ಅಮೆರಿಕದ ಮನೋವಿಜ್ಞಾನಿ ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನವು, ತಪ್ಪು ನಡೆದ ಮೇಲೆ ಶಿಕ್ಷಕರು ಗದರುವ ರೀತಿಗಿಂತ, ತಪ್ಪು ನಡೆಯದಂತೆ ಮೊದಲೇ ವಹಿಸುವ ಎಚ್ಚರವೇ ಮುಖ್ಯವೆಂದು ತೋರಿಸಿತು. ಇಡೀ ತರಗತಿಯ ಆಗುಹೋಗು ಶಿಕ್ಷಕರ ಅರಿವಿನಲ್ಲಿರುವುದೇ ಈ ಎಚ್ಚರದ ತಿರುಳು.

ಕಪ್ಪುಹಲಗೆಯ ಮೇಲೆ ಲೆಕ್ಕ ಬರೆಯುತ್ತಲೇ ಕೊನೆಯ ಬೆಂಚಿನ ಪಿಸುಮಾತನ್ನು ಗುರುತಿಸಿ, ವಿವರಣೆ ನಿಲ್ಲಿಸದೆ ಅಲ್ಲಿಗೆ ಹೋಗಿ ನಿಲ್ಲುವ ಶಿಕ್ಷಕಿಯು ಪಿಸುಗುಟ್ಟುವವರ ಗಮನವನ್ನು ಪಾಠಕ್ಕೆ ಮರಳಿಸುವುದಲ್ಲದೆ, ಉಳಿದವರ ಸಮಯವನ್ನೂ ಕಾಪಾಡುತ್ತಾರೆ.

ಬೆತ್ತ ತರುವುದು ಮೌನವನ್ನು ಮಾತ್ರ. ಕಲಿಕೆಯನ್ನು ತರುವುದು ಶಿಕ್ಷಕರ ಸಿದ್ಧತೆ.