ಪಾರ್ಕು ಯಾರ ಮನೆಗೆ ಹತ್ತಿರ?

ಬೆಂಗಳೂರಿನ ಜಯನಗರದಲ್ಲಿ ಮನೆಯಿಂದ ಹೊರಟು ಸ್ವಲ್ಪ ದೂರ ನಡೆದರೆ ಒಂದಲ್ಲ ಒಂದು ಪಾರ್ಕು ಸಿಗುತ್ತದೆ. ಹೊರವಲಯದ ಎಷ್ಟೋ ರೆವಿನ್ಯೂ ಬಡಾವಣೆಗಳಲ್ಲಿ ಅರ್ಧ ಗಂಟೆ ನಡೆದರೂ ಒಂದು ಹೊಂಗೆಯ ನೆರಳು ಸಿಕ್ಕುವುದು ಕಷ್ಟ. ಈ ವ್ಯತ್ಯಾಸ ಶುರುವಾಗುವುದು ಗಿಡ ನೆಡುವಾಗ ಅಲ್ಲ, ಸೈಟು ಮಾಡುವಾಗ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ವಸತಿ ಬಡಾವಣೆ ಮಾಡುವಾಗ ಒಟ್ಟು ಜಾಗದಲ್ಲಿ ಕನಿಷ್ಠ ಶೇ 15ರಷ್ಟನ್ನು ಪಾರ್ಕು, ಆಟದ ಮೈದಾನಗಳಿಗೆ ಬಿಡಬೇಕು. ನಾಗರಿಕ ಸೌಲಭ್ಯದ (ಸಿಎ) ಸೈಟುಗಳಿಗೆ ಇನ್ನೂ ಶೇ 10. 1976ರ ಬಿಡಿಎ ಕಾಯ್ದೆಯ 16ನೇ ಸೆಕ್ಷನ್ನಿನಲ್ಲೇ ಇದು ಇದೆ. ಹೊಲವನ್ನು ತುಂಡು ಮಾಡಿ ಮಾರಿದ ರೆವಿನ್ಯೂ ಬಡಾವಣೆಗೆ ಮಂಜೂರಾದ ನಕ್ಷೆಯೇ ಇರುವುದಿಲ್ಲ. ರಸ್ತೆಗೇ ಸರಿಯಾಗಿ ಜಾಗ ಬಿಡದವರು ಪಾರ್ಕಿಗೆಲ್ಲಿ ಬಿಟ್ಟಾರು? ಕೈಲಾದಷ್ಟು ದುಡ್ಡಿಗೆ ಸೈಟು ಕೊಂಡವರ ಮಕ್ಕಳಿಗೆ ಬೀದಿಯೇ ಮೈದಾನ.

ಬಿಟ್ಟ ಜಾಗವೂ ತಾನಾಗಿ ಉಳಿಯುವುದಿಲ್ಲ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಎಂಬ ವಾದವನ್ನು ಸುಪ್ರೀಂ ಕೋರ್ಟು 1991ರಲ್ಲಿ ಒಪ್ಪಲಿಲ್ಲ. ಪಾರ್ಕಿನ ಜಾಗ ಖಾಸಗಿಯವರ ಪಾಲಾಗಕೂಡದು, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿನ ನಿವಾಸಿಗಳಿಗಿದೆ ಎಂದು ಎತ್ತಿಹಿಡಿಯಿತು. ಆ ತೀರ್ಪಿನ ಬಲ ಇವತ್ತಿಗೂ ಇದೆ. ಆದ್ದರಿಂದ ನಿಮ್ಮ ಬಡಾವಣೆಗೆ ಮಂಜೂರಾದ ನಕ್ಷೆ ಇದ್ದರೆ ಮೊದಲು ಅದರ ಪ್ರತಿ ತೆಗೆಸಿ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು, 30 ದಿನದೊಳಗೆ ಉತ್ತರ ಬರಬೇಕು. ನಕ್ಷೆಯಲ್ಲಿ ಪಾರ್ಕೆಂದು ತೋರಿಸಿದ ಕಡೆ ಈಗ ಶೆಡ್ಡೋ ಕಾರಿನ ಸಾಲೋ ಇದ್ದರೆ ಫೋಟೊ ಸಮೇತ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಪಾರ್ಕು ಇದ್ದರೂ ಗೇಟು ತೆರೆದಿರಬೇಕಲ್ಲ. ಬಹುಕಾಲ ಬೆಳಗಿನ ವಾಕಿಂಗ್ ಮುಗಿಯುತ್ತಲೇ ಬೀಗ ಹಾಕುವುದು ರೂಢಿಯಾಗಿತ್ತು. ಮನೆಕೆಲಸ ಮುಗಿಸಿದ ಹೆಂಗಸರು, ಊಟ ತಲುಪಿಸುವ ಹುಡುಗರು ಬುತ್ತಿ ಬಿಚ್ಚುವುದು ಆ ಹೊತ್ತಿನಲ್ಲೇ. ಒಳಗೆ ಖಾಲಿ ಬೆಂಚು, ಹೊರಗೆ ಫುಟ್‌ಪಾತಿನ ಅಂಚಿನಲ್ಲಿ ಕೂತವರು. 2024ರಲ್ಲಿ ಪಾಲಿಕೆಯ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವುದಾಗಿ ಸರ್ಕಾರ ಪ್ರಕಟಿಸಿತು. ಇದು ನನಗೆ ಹೊಸ ಕಾರಂಜಿಗಿಂತ ದೊಡ್ಡ ಕೆಲಸವಾಗಿ ಕಾಣುತ್ತದೆ. ನಿಮ್ಮ ಪಾರ್ಕಿನ ಬೋರ್ಡಿನಲ್ಲಿ ಯಾವ ವೇಳೆ ಬರೆದಿದೆ, ನೋಡಿ. ದನ ನುಗ್ಗದಿರಲೆಂದು ಹಾಕಿದ ತಿರುಗು ಗೇಟು ಗಾಲಿಕುರ್ಚಿಯನ್ನೂ ತಡೆಯುತ್ತದೆ. ಪಕ್ಕದಲ್ಲಿ ಅಗಲವಾದ ಇನ್ನೊಂದು ದಾರಿ ಬೇಕೆಂದು ಪಾಲಿಕೆಗೆ ಅರ್ಜಿ ಕೊಡಿ. ಹೆಂಗಸರ ಶೌಚಾಲಯಕ್ಕೆ ಬೀಗವಿದ್ದರೆ ಅದನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ.

ಜಾಗವೇ ಇಲ್ಲದ ಕಡೆ ಹತ್ತಿರದ ದಾರಿ ಸರ್ಕಾರಿ ಶಾಲೆಯ ಮೈದಾನ. ನ್ಯೂಯಾರ್ಕ್ ನಗರ 2007ರ ತನ್ನ ಯೋಜನೆಯಲ್ಲಿ, ಶಾಲೆ ಬಿಟ್ಟ ಮೇಲೂ ರಜೆಯಲ್ಲೂ ಶಾಲಾ ಅಂಗಳಗಳನ್ನು ಸುತ್ತಲಿನ ಮಕ್ಕಳಿಗೆ ತೆರೆಯಲು ಹೊರಟಿತು. ಇಲ್ಲೂ ಆಗಬಹುದಾದದ್ದೇ. ಮುಖ್ಯೋಪಾಧ್ಯಾಯರು ಹಿಂಜರಿಯುವುದಕ್ಕೆ ಕಾರಣವಿದೆ: ಕಿಟಕಿ ಗಾಜು ಒಡೆದರೆ, ಮರುದಿನ ಕಸ ಬಿದ್ದಿದ್ದರೆ ಅವರೇ ಉತ್ತರ ಕೊಡಬೇಕು. ಹಾಗಾಗಿ ಕಾವಲುಗಾರನ ಸಂಬಳ, ಗುಡಿಸುವ ಕೆಲಸ, ದುರಸ್ತಿಯ ಖರ್ಚು ಯಾರದೆಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮೊದಲೇ ಬರಹದಲ್ಲಿ ಗೊತ್ತುಮಾಡಿಕೊಂಡು, ಆಮೇಲೆ ಬೀಗದ ಕೈ ಕೇಳಿ.