ಒಂದೇ ನೊಗಕ್ಕೆ ಎರಡು ತಟ್ಟೆ

ಟೂರಿಂಗ್ ಟಾಕೀಸ್‌ಗಳ ಕಾಲವನ್ನು ಕಂಡವರಿಗೆ ಗೊತ್ತು. ಚಿತ್ರ ರಂಗೇರಿದ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗುತ್ತಿತ್ತು. ಡೇರೆಯೊಳಗೆ ದೀಪ ಹತ್ತುತ್ತಿತ್ತು, ಕಡಲೆಕಾಯಿ ಮಾರುವ ಹುಡುಗರು ಒಳಗೆ ನುಗ್ಗುತ್ತಿದ್ದರು. ಯಂತ್ರವೇನೂ ಕೆಟ್ಟಿರುತ್ತಿರಲಿಲ್ಲ. ಡೇರೆಯಲ್ಲಿ ಇದ್ದುದು ಒಂದೇ ಪ್ರೊಜೆಕ್ಟರ್; ಮುಗಿದ ರೀಲು ಇಳಿಸಿ ಇನ್ನೊಂದನ್ನು ಏರಿಸುವವರೆಗೆ ಕಾಯಲೇಬೇಕಿತ್ತು. ಪೇಟೆಯ ಕಾಯಂ ಚಿತ್ರಮಂದಿರಗಳಲ್ಲಿ ಎರಡು ಪ್ರೊಜೆಕ್ಟರ್‌ಗಳು ಇರುತ್ತಿದ್ದವು. ಒಂದರ ರೀಲು ಮುಗಿಯುವ ಕ್ಷಣಕ್ಕೆ ಇನ್ನೊಂದು ಓಡತೊಡಗುತ್ತಿತ್ತು. ಪ್ರೇಕ್ಷಕನಿಗೆ ಬದಲಾವಣೆಯ ಸುಳಿವೇ ಸಿಗುತ್ತಿರಲಿಲ್ಲ.

ನೃತ್ಯಮಂದಿರಗಳಲ್ಲಿ ಹಾಡು ನುಡಿಸುವ ಡಿಸ್ಕ್ ಜಾಕಿಯ ಕಸುಬು ನಿಂತಿರುವುದೂ ಇಂಥದೇ ಎರಡನೆಯ ಯಂತ್ರದ ಮೇಲೆ. ನಮ್ಮಲ್ಲಿ ಈಗ 'ಡಿ.ಜೆ.' ಎಂದರೆ ಮೆರವಣಿಗೆಯ ಲಾರಿಯ ಮೇಲೆ ಪೇರಿಸಿದ ಧ್ವನಿವರ್ಧಕಗಳ ಗೋಡೆ ಎಂಬಷ್ಟರ ಮಟ್ಟಿಗೆ ಅರ್ಥ ಬದಲಾಗಿದೆ. ಮೂಲದಲ್ಲಿ ಅದು ಯಂತ್ರದ ಹೆಸರಲ್ಲ, ಮನುಷ್ಯನ ಹೆಸರು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರೊಳಕ್ಕೆ ಹೆಣೆಯುವುದು ಅವನ ಕೆಲಸ. ನಡುವೆ ಹತ್ತು ಸೆಕೆಂಡು ಮೌನ ಬಿದ್ದರೂ ಕುಣಿಯುತ್ತಿದ್ದವರು ಕುರ್ಚಿ ಹುಡುಕುತ್ತಾರೆ. ಕುಳಿತವರನ್ನು ಮತ್ತೆ ಎಬ್ಬಿಸುವುದು ಎಷ್ಟು ಕಷ್ಟವೆಂದು ಯಾವ ಡಿ.ಜೆ.ಯನ್ನು ಕೇಳಿದರೂ ಹೇಳುತ್ತಾನೆ. ಮುಂದಿನ ಕರೆ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ಇದರ ಮೇಲೆಯೇ.

ಆದ್ದರಿಂದ ಎರಡು ಯಂತ್ರ ಬೇಕೆಂಬುದರಲ್ಲಿ ಎಂದೂ ವಿವಾದವಿರಲಿಲ್ಲ. ಸಿ.ಡಿ. ಯುಗದಲ್ಲಿ ಎದ್ದ ಪ್ರಶ್ನೆ ಬೇರೆ: ಆ ಎರಡನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿಟ್ಟ 'ಜೋಡಿ' ಯಂತ್ರ ಕೊಳ್ಳಬೇಕೋ, ಎರಡು 'ಒಂಟಿ' ಯಂತ್ರಗಳನ್ನು ಬೇರೆಬೇರೆಯಾಗಿ ಕೊಳ್ಳಬೇಕೋ? ಅಂಗಡಿಯ ಕಟ್ಟೆಯ ಮೇಲಿನ ಕ್ಷುಲ್ಲಕ ಚರ್ಚೆಯಂತೆ ಕಾಣುವ ಈ ಪ್ರಶ್ನೆಯ ಹಿಂದೆ, ಡಿ.ಜೆ. ಎಂದರೆ ಯಾರು ಎಂಬ ದೊಡ್ಡ ಪ್ರಶ್ನೆಯೇ ಇತ್ತು.

ಇದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1970ರ ಸುಮಾರಿಗೆ ನ್ಯೂಯಾರ್ಕ್‌ನಲ್ಲಿ 'ಸ್ಯಾಂಕ್ಚುಯರಿ' ಎಂಬ ನೃತ್ಯಮಂದಿರವಿತ್ತು. ಹಿಂದೆ ಚರ್ಚ್ ಆಗಿದ್ದ ಕಟ್ಟಡ ಅದು. ಅಲ್ಲಿ ಫ್ರಾನ್ಸಿಸ್ ಗ್ರಾಸೊ ಎಂಬ ಡಿ.ಜೆ. ಎರಡು ಗ್ರಾಮಫೋನ್ ರೆಕಾರ್ಡುಗಳ ಲಯವನ್ನು ಒಂದಕ್ಕೊಂದು ಕೂಡಿಸಿ ನುಡಿಸಿ ಹೆಸರಾದ. 1973ರ ಆಗಸ್ಟ್ 11ರಂದು ಅದೇ ನಗರದ ಬ್ರಾಂಕ್ಸ್ ಬಡಾವಣೆಯಲ್ಲಿ, ಜಮೈಕಾದಿಂದ ಬಂದಿದ್ದ ಕೂಲ್ ಹರ್ಕ್ ತನ್ನ ತಂಗಿ ಏರ್ಪಡಿಸಿದ್ದ ಕೂಟದಲ್ಲಿ ರೆಕಾರ್ಡು ನುಡಿಸಿದ. ಹಿಪ್‌ಹಾಪ್ ಸಂಗೀತದ ಹುಟ್ಟುಹಬ್ಬವೆಂದು ಈಗ ಆಚರಿಸುವುದು ಆ ದಿನವನ್ನೇ. ಒಂದೇ ಹಾಡಿನ ಎರಡು ಪ್ರತಿಗಳನ್ನಿಟ್ಟುಕೊಂಡು, ತಾಳವಾದ್ಯ ಮಾತ್ರ ನುಡಿಯುವ ಸಣ್ಣ ತುಣುಕನ್ನು ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಎಂದು ಎಳೆಎಳೆದು ಬೆಳೆಸುವುದು ಹರ್ಕ್‌ನ ವಿಧಾನ. ಅವನ ನಂತರ ಬಂದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ರೆಕಾರ್ಡಿನ ಮೇಲೆ ಬಣ್ಣದ ಕಡ್ಡಿಯಿಂದ ಗುರುತು ಹಾಕಿ, ತುಣುಕು ಎಲ್ಲಿ ಶುರುವಾಗುತ್ತದೆಂದು ಕಣ್ಣಿನಿಂದಲೇ ಹಿಡಿದ.

ಇವರೆಲ್ಲರ ಕೈ ಪಳಗಿದ್ದು ರೆಕಾರ್ಡನ್ನು ಬೆರಳಿನಿಂದ ಮುಟ್ಟಿ. ತಡೆದರೆ ನಿಲ್ಲುತ್ತದೆ, ನೂಕಿದರೆ ಓಡುತ್ತದೆ, ಹಿಂದಕ್ಕೆಳೆದರೆ ಕಿರುಗುಟ್ಟುತ್ತದೆ. ಜಪಾನಿನ ಟೆಕ್ನಿಕ್ಸ್ ಕಂಪೆನಿ 1972ರಲ್ಲಿ ಎಸ್.ಎಲ್.-1200 ಎಂಬ ಟರ್ನ್‌ಟೇಬಲ್ ತಂದಿತು. 1979ರಲ್ಲಿ ಬಂದ ಅದರ ಎರಡನೆಯ ಅವತಾರದಲ್ಲಿ ವೇಗವನ್ನು ಶೇಕಡಾ 8ರಷ್ಟು ಹೆಚ್ಚುಕಡಿಮೆ ಮಾಡುವ ಜಾರುಗುಂಡಿ ಇತ್ತು. ಎಡಗಡೆ ಒಂದು, ಬಲಗಡೆ ಒಂದು, ನಡುವೆ ಮಿಕ್ಸರ್: ಜಗತ್ತಿನ ನೃತ್ಯಮಂದಿರಗಳ ಮೇಜು ಹೀಗೆ ಖಾಯಂ ಆಯಿತು.

ಆ ಜಾರುಗುಂಡಿ ಏಕೆ ಬೇಕು? ಈಗ ಓಡುತ್ತಿರುವ ಹಾಡಿಗೆ ನಿಮಿಷಕ್ಕೆ 120 ಪೆಟ್ಟು, ಮುಂದಿನದಕ್ಕೆ 121 ಎಂದುಕೊಳ್ಳೋಣ. ವ್ಯತ್ಯಾಸ ಕಿವಿಗೆ ಗೊತ್ತಾಗುವಂಥದೇ ಅಲ್ಲ. ಆದರೆ ಎರಡನ್ನೂ ಒಟ್ಟಿಗೆ ಬಿಟ್ಟರೆ ಅರ್ಧ ನಿಮಿಷದಲ್ಲಿ ಒಂದರ ಪೆಟ್ಟು ಇನ್ನೊಂದರ ಎರಡು ಪೆಟ್ಟುಗಳ ನಟ್ಟನಡುವೆ ಬೀಳುತ್ತದೆ. ಭಜನೆಯಲ್ಲಿ ತಾಳದವನು ಒಂದು ದಾರಿ, ಢೋಲಕ್‌ನವನು ಇನ್ನೊಂದು ದಾರಿ ಹಿಡಿದಂತೆ. ಅದಕ್ಕಾಗಿ ಹೆಡ್‌ಫೋನಿನಲ್ಲಿ ಮುಂದಿನ ಹಾಡನ್ನು ಕೇಳುತ್ತಾ ವೇಗ ಸರಿಪಡಿಸಿ, ಸಭೆಗೆ ಬಿಡುತ್ತಾರೆ. ವೇಗ ಹೆಚ್ಚಿಸಿದರೆ ಶ್ರುತಿಯೂ ಏರುತ್ತದೆ. ಶೇಕಡಾ 6ರಷ್ಟು ಏರಿಸಿದರೆ ಷಡ್ಜ ಹೆಚ್ಚುಕಡಿಮೆ ಒಂದು ಸ್ವರಸ್ಥಾನ ಮೇಲೆ ಹೋಗಿ ನಿಲ್ಲುತ್ತದೆ. ಗಾಯಕಿಯ ದನಿ ಎಳೆಯ ಹುಡುಗಿಯದಾಗುವುದು ಹೀಗೆ.

1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ಡಿ.ಜೆ.ಗಳು ಅದನ್ನು ಮೂಸಿಯೂ ನೋಡಲಿಲ್ಲ ಎನ್ನಬಹುದು. ಕಾರಣ ಸ್ಪಷ್ಟ. ಸಿ.ಡಿ. ತಟ್ಟೆ ಯಂತ್ರದ ಹೊಟ್ಟೆಯೊಳಗೆ ಸೇರಿಬಿಡುತ್ತದೆ. ಅದನ್ನು ಓದುವುದು ಲೇಸರ್ ಕಿರಣ. ಅದೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಹೊರಸುತ್ತಿಗೆ ಬರುವಾಗ 200 ಸುತ್ತು. ಮುಟ್ಟುವ ಹಾಗಿಲ್ಲ, ನೋಡಿ ತಿಳಿಯುವ ಹಾಗೂ ಇಲ್ಲ. ರೆಕಾರ್ಡಿನ ಗೆರೆಗಳ ನೆರಳು ನೋಡಿ ಇಲ್ಲಿ ಹಾಡು ತಗ್ಗುತ್ತದೆ, ಇಲ್ಲಿ ಏರುತ್ತದೆ ಎನ್ನುತ್ತಿದ್ದ ಕಣ್ಣಿಗೆ ಇಲ್ಲಿ ಸಿಗುವುದು ನಿಮಿಷ-ಸೆಕೆಂಡುಗಳ ಅಂಕಿ ಮಾತ್ರ. ವೇಗ ಬದಲಿಸುವ ಸೌಲಭ್ಯವಿದ್ದ ಸಿ.ಡಿ. ಯಂತ್ರವನ್ನು ಟೆಕ್ನಿಕ್ಸ್ ಕಂಪೆನಿಯೇ 1980ರ ದಶಕದ ನಡುವಿನಲ್ಲಿ ತಂದಿತ್ತು. ಅದರಿಂದ ನೃತ್ಯಮಂದಿರದ ಮೇಜು ಬದಲಾಗಲಿಲ್ಲ.

ಬದಲಾವಣೆ ಬಂದುದು ನೃತ್ಯಮಂದಿರದ ಕಡೆಯಿಂದಲ್ಲ, ಮದುವೆ ಛತ್ರದ ಕಡೆಯಿಂದ ಎನ್ನುವುದು ಈ ಕಥೆಯ ಸ್ವಾರಸ್ಯ. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಮದುವೆ, ಶಾಲಾ ಕೂಟ, ಹೋಟೆಲ್ ಔತಣಗಳಿಗೆ ಹೋಗುವ ಸಂಚಾರಿ ಡಿ.ಜೆ.ಗಳಿದ್ದರು. ಅವರಿಗೆ ದೊಡ್ಡ ಕಾಟ ರೆಕಾರ್ಡುಗಳ ಭಾರ. ಸಿ.ಡಿ. ಅವರಿಗೆ ವರವಾಗಿ ಕಂಡಿತು. 1990ರ ದಶಕದ ಆರಂಭದಲ್ಲಿ ಜಪಾನಿನ ಡೆನಾನ್ ಕಂಪೆನಿ ಡಿ.ಎನ್.-2000 ಎಫ್ ಎಂಬ ಜೋಡಿ ಯಂತ್ರವನ್ನು ಅವರ ಕೈಗಿತ್ತಿತು. ಅದರಲ್ಲಿ ಎರಡು ಭಾಗ. ಕೆಳಗೆ ಎರಡು ಸಿ.ಡಿ.ಗಳ ಸೇದುಖಾನೆಯಿರುವ ಪೆಟ್ಟಿಗೆ. ಮೇಲೆ ಗುಂಡಿಗಳೂ ಜಾಗ್ ವೀಲ್ ಎಂಬ ಪುಟ್ಟ ತಿರುಗುಬಿಲ್ಲೆಗಳೂ ಇರುವ ಹಲಗೆ. ನಡುವೆ ಒಂದು ತಂತಿ. ಎಲ್ಲವೂ 19 ಇಂಚು ಅಗಲದ ಚೌಕಟ್ಟಿಗೆ ಹೊಂದುವಂಥದು. ಮಿಕ್ಸರ್, ಆಂಪ್ಲಿಫೈಯರ್‌ಗಳೊಂದಿಗೆ ಒಂದೇ ಪೆಟ್ಟಿಗೆಯಲ್ಲಿ ಬಿಗಿದಿಟ್ಟರೆ ಮುಚ್ಚಳ ತೆರೆದ ಕೂಡಲೇ ಅಂಗಡಿ ಸಿದ್ಧ.

ಬಿಲ್ಲೆ ತಿರುಗಿಸಿದರೆ ಹಾಡನ್ನು ಒಂದೊಂದು 'ಫ್ರೇಮ್' ಮುಂದಕ್ಕೆ ಹಿಂದಕ್ಕೆ ಸರಿಸಬಹುದು. ಸಿ.ಡಿ. ಲೆಕ್ಕದಲ್ಲಿ ಒಂದು ಸೆಕೆಂಡಿಗೆ 75 ಫ್ರೇಮ್‌ಗಳು. 120 ಪೆಟ್ಟಿನ ಹಾಡಾದರೆ ಪೆಟ್ಟಿಗೂ ಪೆಟ್ಟಿಗೂ ನಡುವೆ ಮೂವತ್ತೇಳೂವರೆ ಫ್ರೇಮ್. ಕಿವಿ ಕೇಳುವಷ್ಟು ನಿಖರತೆ ಅಲ್ಲಿ ಸಿಗುತ್ತದೆ. ಬೆರಳಿಗೆ ಮಾತ್ರ ತಾನು ಸಂಗೀತವನ್ನು ಮುಟ್ಟುತ್ತಿದ್ದೇನೆ ಅನ್ನಿಸುವುದಿಲ್ಲ, ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದೇನೆ ಅನ್ನಿಸುತ್ತದೆ.

1994ರಲ್ಲಿ ಪಯೋನಿಯರ್ ಕಂಪೆನಿ ಸಿ.ಡಿ.ಜೆ.-500 ಎಂಬ ಒಂಟಿ ಯಂತ್ರ ತಂದಿತು. ಮೇಜಿನ ಮೇಲೆ ಮಲಗಿಸಿಡುವ ಯಂತ್ರ, ಸಿ.ಡಿ. ಹಾಕುವುದು ಮೇಲಿನ ಮುಚ್ಚಳ ತೆರೆದು. ಟರ್ನ್‌ಟೇಬಲ್ ಇದ್ದ ಜಾಗದಲ್ಲಿ ಇದನ್ನಿಟ್ಟರೆ ಎಡಗೈ ಬಲಗೈಗಳ ಹಳೆಯ ಅಭ್ಯಾಸ ಕೆಡುವುದಿಲ್ಲ. ಶ್ರುತಿ ಏರಿಸದೆ ವೇಗವಷ್ಟೇ ಏರಿಸುವ 'ಮಾಸ್ಟರ್ ಟೆಂಪೊ', ಒಂದು ತುಣುಕನ್ನೇ ಸುತ್ತಿ ಸುತ್ತಿ ನುಡಿಸುವ 'ಲೂಪ್' ಇದರಲ್ಲಿದ್ದವು. ಹರ್ಕ್ ಎರಡು ಪ್ರತಿಗಳನ್ನು ಕೊಂಡು ಮಾಡುತ್ತಿದ್ದುದು ಈಗ ಒಂದು ಗುಂಡಿಯ ಕೆಲಸವಾಯಿತು.

ಇಷ್ಟಾದ ಮೇಲೆ ಕೊಳ್ಳುವವನ ಮುಂದೆ ತಕ್ಕಡಿ ನಿಂತಿತು. ಬೆಲೆಯ ಮಾತಿನಲ್ಲಿ ಜೋಡಿಯದೇ ಮೇಲುಗೈ. ಅದೇ ದರ್ಜೆಯ ಎರಡು ಒಂಟಿ ಯಂತ್ರಗಳಿಗಿಂತ ಒಂದು ಜೋಡಿ ಸಾಮಾನ್ಯವಾಗಿ ಅಗ್ಗ. ಪೆಟ್ಟಿಗೆ, ವಿದ್ಯುತ್ ಪೂರೈಸುವ ಭಾಗ ಎರಡಕ್ಕೂ ಒಂದೇ ಸಾಕಾಗುವುದರಿಂದ ತಯಾರಕನಿಗೆ ಖರ್ಚು ಕಡಿಮೆ. ಜಾಗದ ಮಾತಿನಲ್ಲೂ ಹಾಗೆಯೇ. ಔತಣದ ಸಭಾಂಗಣದ ಮೂಲೆಯಲ್ಲಿ, ಐಸ್‌ಕ್ರೀಮ್ ಮೇಜಿನ ಪಕ್ಕದಲ್ಲಿ ಸಿಕ್ಕ ಮೂರಡಿಯಲ್ಲಿ ಎರಡು ಒಂಟಿ ಯಂತ್ರ, ನಡುವೆ ಮಿಕ್ಸರ್ ಹರಡಿಕೊಂಡು ನಿಲ್ಲಲಾಗುವುದಿಲ್ಲ.

ಆದರೆ ಖರ್ಚು ಉಳಿಸಿದ ಆ ಜಾಗದಲ್ಲೇ ಅಪಾಯವೂ ಕುಳಿತಿತ್ತು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಮಲಗಿದರೆ ಗಾಡಿ ನಿಲ್ಲುತ್ತದೆ. ಜೋಡಿ ಯಂತ್ರದ ಫ್ಯೂಸ್ ಹಾರಿದರೆ, ಎರಡು ಭಾಗಗಳ ನಡುವಿನ ತಂತಿ ಸಡಿಲವಾದರೆ, ಎರಡೂ ತಟ್ಟೆಗಳು ಒಮ್ಮೆಗೇ ಮೌನ. ಯಾವ ಮೌನವನ್ನು ತಪ್ಪಿಸಲೆಂದು ಎರಡನೆಯ ಯಂತ್ರ ಹುಟ್ಟಿತೋ ಅದೇ ಮೌನ! ಒಂದು ಕಡೆಯ ಲೇಸರ್ ಮಾತ್ರ ಮಂಕಾದರೂ ರಿಪೇರಿಗೆ ಹೋಗುವುದು ಇಡೀ ಯಂತ್ರ. ಲಗ್ನಗಳ ಕಾಲದಲ್ಲಿ ರಿಪೇರಿ ಅಂಗಡಿ ಎರಡು ವಾರ ಎಂದರೆ ಡಿ.ಜೆ.ಗೆ ಎರಡು ವಾರದ ಸಂಪಾದನೆ ಹೋಯಿತೆಂದೇ. ಒಂಟಿ ಯಂತ್ರಗಳಿದ್ದವನು ಕೆಟ್ಟದ್ದನ್ನು ಕಳಿಸಿ, ಒಂದನ್ನು ಬಾಡಿಗೆಗೆ ತಂದು ಮರುದಿನದ ಕಾರ್ಯಕ್ರಮ ನಡೆಸುತ್ತಾನೆ. ಜೋಡಿ ಯಂತ್ರದ ಜಾಣರು ಮಿಕ್ಸರಿನ ಮೂರನೆಯ ದಾರಿಗೆ ಒಂದು ಸಾದಾ ಕ್ಯಾಸೆಟ್ ಪ್ಲೇಯರನ್ನೋ ಮನೆಯ ಸಿ.ಡಿ. ಪ್ಲೇಯರನ್ನೋ ಸಿಕ್ಕಿಸಿಟ್ಟುಕೊಳ್ಳುತ್ತಿದ್ದರು. ಅಂಥ ಮುಂಜಾಗ್ರತೆ ಇಲ್ಲದವನಿಗೆ ಜೋಡಿ ಯಂತ್ರ ಅಗ್ಗವೆನ್ನುವುದು ಅರ್ಧಸತ್ಯ.

ಒಂಟಿ ಯಂತ್ರಕ್ಕೆ ಇನ್ನೊಂದು ಅನುಕೂಲವಿತ್ತು, ಅದು ಬಡವನ ಅನುಕೂಲ. ಈ ವರ್ಷ ಒಂದು, ದುಡ್ಡು ಕೂಡಿದಾಗ ಇನ್ನೊಂದು ಎಂದು ಕೊಳ್ಳಬಹುದು. ಅಲ್ಲಿಯವರೆಗೆ ಹಳೆಯ ಟರ್ನ್‌ಟೇಬಲ್ ಒಂದು ಕಡೆ, ಹೊಸ ಸಿ.ಡಿ. ಯಂತ್ರ ಇನ್ನೊಂದು ಕಡೆ.

2001ರವರೆಗೆ ಜಗಳವೆಲ್ಲ ಬೆಲೆ, ಜಾಗ, ರಿಪೇರಿಗಳ ಸುತ್ತ ಇತ್ತು. ಆ ವರ್ಷ ಪಯೋನಿಯರ್ ಕಂಪೆನಿಯ ಸಿ.ಡಿ.ಜೆ.-1000 ಬಂತು. ಅಂಗೈ ಪೂರ್ತಿ ಊರುವಷ್ಟು ದೊಡ್ಡ ಬಿಲ್ಲೆ ಅದರದು. ಹಾಡಿನ ಭಾಗವನ್ನು ಯಂತ್ರ ತನ್ನ ಸ್ಮೃತಿಕೋಶದಲ್ಲಿ ತುಂಬಿಟ್ಟುಕೊಂಡಿರುತ್ತದೆ. ಬಿಲ್ಲೆಯನ್ನು ಒತ್ತಿ ಹಿಡಿದರೆ ಹಾಡು ನಿಲ್ಲುತ್ತದೆ, ಹಿಂದಕ್ಕೆಳೆದರೆ ರೆಕಾರ್ಡಿನಂತೆಯೇ ಕಿರುಗುಟ್ಟುತ್ತದೆ. ನಿಜವಾದ ತಟ್ಟೆ ಒಳಗೆ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಕೈಗೆ ಸಿಗುವುದು ಅದರ ನೆರಳು. ಆದರೂ ಕೈ ಅದನ್ನು ಒಪ್ಪಿಕೊಂಡಿತು. 19 ಇಂಚಿನ ಹಲಗೆಯ ಮೇಲೆ ಅಂಥ ಎರಡು ಬಿಲ್ಲೆಗಳನ್ನೂ ಉಳಿದ ಗುಂಡಿಗಳನ್ನೂ ಹಿಡಿಸುವುದು ಕಷ್ಟ. ಪ್ರಸಿದ್ಧ ನೃತ್ಯಮಂದಿರಗಳ ಮೇಜು ಒಂಟಿ ಯಂತ್ರಗಳ ಪಾಲಾದದ್ದು ಹೀಗೆ. ಊರೂರು ತಿರುಗುವ ದೊಡ್ಡ ಡಿ.ಜೆ.ಗಳು ಬರಿಗೈಯಲ್ಲಿ ಸಿ.ಡಿ. ಚೀಲವಷ್ಟೇ ಹಿಡಿದು ಬರತೊಡಗಿದರು. ಯಂತ್ರ ಎಲ್ಲ ಕಡೆಯೂ ಅದೇ ಇರುತ್ತಿತ್ತು. ಜೋಡಿ ಯಂತ್ರದಲ್ಲಿ ಕಲಿತ ಹುಡುಗ ಅಲ್ಲಿ ಹೋಗಿ ನಿಂತರೆ ಕೈ ತಡವರಿಸುತ್ತಿತ್ತು. ಬೆಲೆಪಟ್ಟಿಯಲ್ಲಿ ಕಾಣದ ಖರ್ಚು ಇದು.

ಹಾಗೆಂದು ಜೋಡಿ ಯಂತ್ರವನ್ನು ಕೀಳೆನ್ನುವುದು ನೃತ್ಯಮಂದಿರದವರ ಜಂಬ. ಮದುವೆಯಲ್ಲಿ ಅಜ್ಜಿಗೊಂದು ಹಾಡು, ಮೊಮ್ಮಗನಿಗೊಂದು ಹಾಡು, ನಡುವೆ ವರನ ಮಾವನ ಭಾಷಣ. ಅಲ್ಲಿ ಬೇಕಾದದ್ದು ಕೈಚಳಕವಲ್ಲ, ಕೇಳಿದ ಹಾಡು ಕೇಳಿದ ಕ್ಷಣಕ್ಕೆ ಸಿಗುವುದು. ಆ ಕೆಲಸಕ್ಕೆ ಅದನ್ನು ಮೀರಿಸಿದ್ದು ಬಹುಕಾಲ ಬರಲಿಲ್ಲ.

ಸಿ.ಡಿ.ಯೇ ಈಗ ಮೇಜಿನಿಂದ ಸರಿದಿದೆ. ಪಯೋನಿಯರ್ 2020ರಲ್ಲಿ ತಂದ ಸಿ.ಡಿ.ಜೆ.-3000ರ ಹೆಸರಿನಲ್ಲಿ ಸಿ.ಡಿ. ಉಳಿದಿದೆ, ಯಂತ್ರದಲ್ಲಿ ಅದನ್ನು ತೂರಿಸುವ ಸೀಳು ಇಲ್ಲ. ಹಾಡುಗಳು ಬೆರಳುದ್ದದ ಯು.ಎಸ್.ಬಿ. ಕಡ್ಡಿಯಲ್ಲಿ ಬರುತ್ತವೆ. ಹಳೆಯ ಪ್ರಶ್ನೆ ಮಾತ್ರ ಹೋಗಿಲ್ಲ. ಎರಡು ಬಿಲ್ಲೆ, ನಡುವೆ ಮಿಕ್ಸರ್ ಎಲ್ಲವನ್ನೂ ಒಂದೇ ಹಲಗೆಯಲ್ಲಿ ಕೂಡಿಸಿದ 'ಕಂಟ್ರೋಲರ್'ಗಳನ್ನು ಈಗಿನ ಹುಡುಗರು ಕಂಪ್ಯೂಟರಿಗೆ ಜೋಡಿಸಿ ಕಲಿಯುತ್ತಾರೆ. ಅದು ಅದೇ ಹಳೆಯ ಜೋಡಿ ಯಂತ್ರದ ವಂಶ. ಅಗ್ಗ, ಹಗುರ, ಮತ್ತು ಒಂದೇ ಯು.ಎಸ್.ಬಿ. ತಂತಿಗೆ ತೂಗುಬಿದ್ದದ್ದು.

ಹಳೆಯ ಸಿ.ಡಿ. ಯಂತ್ರಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಇಂದಿಗೂ ಕೈ ಬದಲಾಯಿಸುತ್ತಿರುತ್ತವೆ. ಮೊದಲ ತಲೆಮಾರಿನವು ಎಂಪಿ3 ಓದುವುದಿಲ್ಲ, ಆಡಿಯೊ ಸಿ.ಡಿ.ಯೇ ಬೇಕು. ಒಂಟಿ ಯಂತ್ರವಾದರೆ ತಟ್ಟೆಯ ಮೊದಲ ಹಾಡು, ಕೊನೆಯ ಹಾಡು ಎರಡನ್ನೂ ಪೂರ್ತಿ ಕೇಳಿ ನೋಡಬೇಕು. ಜೋಡಿಯಾದರೆ ಒಂದು ಕಡೆ ಹಾಡು ಓಡುತ್ತಿರುವಾಗಲೇ ಇನ್ನೊಂದು ಕಡೆಯ ತಟ್ಟೆಯನ್ನು ತೆಗೆದು, ಬೇರೆ ತಟ್ಟೆ ಹಾಕಿ, ಆ ನಡುವಿನ ತಂತಿಯನ್ನು ಒಮ್ಮೆ ಅಲುಗಾಡಿಸಿ ನೋಡಬೇಕು.